ರಮಾನಾಥ ಭಟ್ಟರು ಮೀನು ಗುರುತಿಸಿದ್ದು

ಊಟ ಬೇಡವೆಂದು ಹಟ ಹಿಡಿದ ನಾಲ್ಕು ವರ್ಷದ ಮಗಳಿಗೆ ಅಪ್ಪನಾದವನು ಏನಾದರೂ ಒಂದು ಕತೆ ಹೇಳಲೇಬೇಕು. ಕಾಗಕ್ಕ ಗುಬ್ಬಕ್ಕನ ಕತೆ ಹೇಳಿದ್ದರೆ ರಮಾನಾಥ ಭಟ್ಟರಿಗೆ ಈ ಗತಿ ಬರುತ್ತಿರಲಿಲ್ಲ. ಅವರು ಹೇಳಿದ್ದು ಮಲ್ಪೆಯ ಕಡಲ ಬದಿಯ ಬಂಡೆಯ ಮೇಲೆ ಕೂತು, ಕಲ್ಲಿನ ಹಾಗೇ ಕಾಣುವ ಪುಟ್ಟ ಪುಟ್ಟ ಮೀನುಗಳನ್ನು ಹುಡುಕಿ, ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತಿದ್ದ ಹುಡುಗನೊಬ್ಬನ ಕತೆ. "ಆ ಹುಡುಗ ಯಾರು ಪಪ್ಪಾ?" ಎಂದು ಶ್ರೇಯಾ ಬಾಯಿ ತೆರೆದು ಕೇಳಿದಳು. ತೆರೆದ ಬಾಯಿಗೆ ತುತ್ತು ಇಡುವ ಅವಸರದಲ್ಲಿ ಭಟ್ಟರು "ನಾನೇ" ಅಂದುಬಿಟ್ಟರು.

ನಿಜ ಹೇಳಬೇಕೆಂದರೆ ಭಟ್ಟರು ಪೆರ್ಡೂರಿನವರು. ಅಲ್ಲಿಂದ ಕಡಲು ನೋಡಬೇಕಾದರೆ ಬಸ್ಸು ಹತ್ತಬೇಕು. ಎಳ್ಳಮಾವಾಸ್ಯೆಯ ಸಮುದ್ರಸ್ನಾನಕ್ಕೆಂದು ಅಜ್ಜನ ಕೈ ಹಿಡಿದು ಮೊಣಕಾಲುದ್ದ ನೀರಿಗೆ ಇಳಿದದ್ದು ಬಿಟ್ಟರೆ ಅವರಿಗೂ ಸಮುದ್ರಕ್ಕೂ ಮಾತುಕತೆ ಇರಲಿಲ್ಲ. ಮೀನಿನ ವಿಷಯವಂತೂ ಕೇಳಲೇಬೇಡಿ. ಶುದ್ಧ ಸಸ್ಯಾಹಾರಿ, ದಶಾವತಾರದ ಕ್ಯಾಲೆಂಡರಿನಲ್ಲಿ ನೋಡಿದ್ದೇ ಅವರು ಹತ್ತಿರದಿಂದ ನೋಡಿದ ಮೀನು. ಕತೆಯ ಹುಡುಗ ಬೇರೆ ಯಾರೂ ಅಲ್ಲ, ಭಟ್ಟರು ಗಲ್ಲಾದ ಮೇಲೆ ಕೂರುವ ಮುಂಬೈ ಫೋರ್ಟಿನ ಉಡುಪಿ ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲುವ ದೂಜ. ಮಧ್ಯಾಹ್ನದ ರಶ್ ಇಳಿದ ಮೇಲೆ ದೂಜ ಮಲ್ಪೆಯ ತನ್ನ ಬಾಲ್ಯವನ್ನು ಬಣ್ಣಿಸುತ್ತಿದ್ದ. ಭಟ್ಟರು ಅದನ್ನು ಬೊರಿವಲಿ ಲೋಕಲ್ಲಿನಲ್ಲಿ ಹಾಕಿಕೊಂಡು ಬಂದು ಮಗಳ ಮುಂದೆ ಬಡಿಸುತ್ತಿದ್ದರು.

ಈಗ ಶ್ರೇಯಾಗೆ ಇಪ್ಪತ್ತು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಕಷ್ಟ. ಅಪ್ಪ ಬೆಳಿಗ್ಗೆ ಅವಳು ಏಳುವ ಮೊದಲು ಹೊರಟು, ಅವಳು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಮೇಲೆ ಮನೆಗೆ ಬರುವವರು. ಅಪ್ಪ ಮಗಳ ನಡುವೆ ದಿನಕ್ಕೆ ನಾಲ್ಕು ಮಾತು ನಡೆದರೆ ಅದು ಹಬ್ಬ. ಹಾಗಿರುವಾಗ ಶನಿವಾರ ಅವಳೇ ಬಂದು ಎದುರು ಕೂತು, "ಪಪ್ಪಾ, ನಾಳೆ ನೀವು ನನ್ ಜೊತೆ ಬರ್ಬೇಕು. ಬಾಂದ್ರಾದಲ್ಲಿ ಸರ್ವೇ ಉಂಟು. ಛೋಟಾ ಛೋಟಾ ಮೀನು, ಗೋಬಿ ಅಂತ, ಕಲ್ಲಿನ ಹಾಗೇ ಇರ್ತದಲ್ಲ, ಅದನ್ನು ಐಡೆಂಟಿಫೈ ಮಾಡೋದು. ನಮ್ಗೆ ಯಾರ್ಗೂ ಕಾಣೋದೇ ಇಲ್ಲ. ನಾನು ನಮ್ಮ ಪ್ರೊಫೆಸರ್ ಸ್ನೇಹಲ್ ಮೇಡಂಗೆ ಬೋಲ್ ದಿಯಾ, ನನ್ನ ಪಪ್ಪಾ ಎಕ್ಸ್‌ಪರ್ಟ್ ಅಂತ" ಅಂದಳು.

ಭಟ್ಟರು ಆಗುವುದಿಲ್ಲವೆನ್ನಲು ಬಾಯಿ ತೆರೆದರು. ಆದರೆ ಮಗಳ ಕಣ್ಣಲ್ಲಿ ಹೊಳೆಯುತ್ತಿದ್ದ ಹೆಮ್ಮೆಯನ್ನು ನೋಡಿ, ಹದಿನಾರು ವರ್ಷದ ಹಿಂದೆ ಆಡಿದ ಹಾಗೇ ಒಂದೇ ಮಾತಿನಲ್ಲಿ "ಬರ್ತೇನೆ" ಅಂದುಬಿಟ್ಟರು. ಅಡುಗೆಮನೆಯಿಂದ ಹೆಂಡತಿ ವಸಂತಿ ತಲೆ ಹೊರಗೆ ಹಾಕಿ, ಮಗಳು ಎದ್ದುಹೋದದ್ದನ್ನು ಖಾತ್ರಿ ಮಾಡಿಕೊಂಡು, "ನಾನು ಆವತ್ತೇ ಹೇಳಿದ್ದೆ, ರಾಮಾಯಣ ಹೇಳಿ ಅಂತ" ಅಂದಳು. ಭಟ್ಟರಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಗಲ್ಲಾ ಬಿಟ್ಟು ಬೇರೇನೂ ಕಾಣದ ತನ್ನಂಥ ಮನುಷ್ಯನ ಬಗ್ಗೆ ಮಗಳು ಹೊರಗೆ ಹೇಳಿಕೊಳ್ಳುವುದು ಈ ಒಂದೇ ಸಂಗತಿ. ಅದೂ ಸುಳ್ಳೆಂದು ಗೊತ್ತಾದರೆ ಉಳಿಯುವುದೇನು ಎಂಬ ಯೋಚನೆಯಲ್ಲೇ ಬೆಳಗಾಯಿತು.

ಬೆಳಗಿನ ಆರೂವರೆಗೆ ಕಡಲಿನ ನೀರು ಪೂರ್ತಿ ಇಳಿಯುತ್ತದೆ, ಅಷ್ಟರೊಳಗೆ ತಲುಪಬೇಕು ಎಂದು ಮಗಳು ಅಪ್ಪನನ್ನು ಐದು ಗಂಟೆಗೇ ಬೊರಿವಲಿ ಸ್ಟೇಷನ್ನಿಗೆ ಎಳೆದುಕೊಂಡು ಬಂದಳು. ಅವಳು ಚಹಾ ತರಲು ಹೋದ ಸಂದು ನೋಡಿ ಭಟ್ಟರು ದೂಜನಿಗೆ ಫೋನು ಹಚ್ಚಿದರು.

"ದೂಜ, ಎದ್ದೆಯಾ ಮಾರಾಯ? ಈ ಗೋಬಿ ಅಂದ್ರೆ ಎಂಥದು?"

"ಹೂಕೋಸಲ್ವಾ ಭಟ್ರೇ? ಇವತ್ತು ಹೋಟ್ಲು ರಜೆ ಅಲ್ವಾ?"

"ಪಲ್ಯಕ್ಕೆ ಅಲ್ಲ ಮಾರಾಯ! ಮೀನು, ಮೀನು. ಬಂಡೆಯ ಮೇಲೆ ಇರ್ತದಂತೆ. ನೀನು ಸಣ್ಣದಿರುವಾಗ ಹಿಡೀತಿದ್ದೆಯಲ್ಲ, ಅದನ್ನು ಹೇಗೆ ಗುರ್ತು ಹಿಡಿಯುದು ಹೇಳು, ಬೇಗ."

ಆ ಕಡೆಯಿಂದ ಮೊದಲು ಒಂದು ಕೆಮ್ಮು ಕೇಳಿತು. ಆಮೇಲೆ ದೂಜ, "ಅದು ಹೇಗಂತ ಹೇಳುದು ಭಟ್ರೇ... ನೋಡಿದ್ರೆ ಗೊತ್ತಾಗ್ತದೆ" ಅಂದ.

"ನೋಡಿದ್ರೆ ಗೊತ್ತಾಗುದಿಲ್ಲ ಅಂತಲೇ ಅಲ್ವಾ ಕೇಳುದು?"

"ಮಸಾಲೆ ಹಾಕಿ ಹುರಿದು ಕೊಟ್ರೆ ನಾನು ಕಣ್ಣು ಮುಚ್ಚಿ ಹೇಳಿಯೇನು. ನೀವು ಒಂದು ಕೆಲ್ಸ ಮಾಡಿ, ಎಂತದೇ ಹೇಳುದಿದ್ರೂ ಧೈರ್ಯವಾಗಿ ಹೇಳಿ. ಧೈರ್ಯವಾಗಿ ಹೇಳಿದ್ರೆ ಯಾರೂ ತಿರುಗಿ ಕೇಳುದಿಲ್ಲ."

ಇದೇನು ಗುರುಮಂತ್ರವೋ ಎಂದು ಭಟ್ಟರು ಯೋಚಿಸುವಷ್ಟರಲ್ಲಿ ಬೆನ್ನ ಹಿಂದೆ ಪರಿಚಿತ ದನಿ ಕೇಳಿತು. "ಅರೇ ಶೆಟ್ಟಿಜಿ! ನಾನೂ ಬಂದೆ!"

ಅದು ಕೆಳಗಿನ ಮಾಳಿಗೆಯ ಮರಾಠಿ ನೆರೆಯವರು, ಎಲ್ಲರೂ ಅಕ್ಕ ಎಂಬರ್ಥದಲ್ಲಿ ತಾಯಿ ಎಂದು ಕರೆಯುವ ವೈಶಾಲಿತಾಯಿ. ಮುಂಬೈಯಲ್ಲಿ ಇಡ್ಲಿ ಮಾರುವವರೆಲ್ಲ ಶೆಟ್ಟಿಗಳೇ. ಮೂವತ್ತು ವರ್ಷ ತಿದ್ದಿ ತಿದ್ದಿ ಸುಸ್ತಾಗಿ ಭಟ್ಟರು ಅದನ್ನು ಬಿಟ್ಟುಬಿಟ್ಟಿದ್ದರು. ವೈಶಾಲಿತಾಯಿ ಮಾತ್ರ ಸಾಧಾರಣ ಹೆಂಗಸಲ್ಲ. ಬೊರಿವಲಿ ಮಾರ್ಕೆಟ್ಟಿನ ಮೀನಿನವರು ಅವರ ಚೀಲ ದೂರದಲ್ಲಿ ಕಂಡರೆ ಹಳೇ ಮಾಲನ್ನು ಒಳಗೆ ಸರಿಸುತ್ತಿದ್ದರಂತೆ. ಶ್ರೇಯಾ ಲಿಫ್ಟಿನಲ್ಲಿ ಸಿಕ್ಕಾಗ ಅಪ್ಪನ ಪ್ರತಾಪವನ್ನು ಹೇಳಿಕೊಂಡಿದ್ದಳು. ವೈಶಾಲಿತಾಯಿಗೆ ಅದನ್ನು ಕಣ್ಣಾರೆ ನೋಡದೆ ಸಮಾಧಾನವಿಲ್ಲ.

"ಒಂದು ಮಾತು ಹೇಳಿ ಶೆಟ್ಟಿಜಿ," ಅಂದರು ಅವರು ಟ್ರೇನು ಹತ್ತುತ್ತಲೇ, ತಮ್ಮ ಮರಾಠಿ ಬೆರೆತ ಹಿಂದಿಯಲ್ಲಿ. "ಹದಿನೆಂಟು ವರ್ಷದಿಂದ ನಿಮ್ಮ ಮನೆ ಕೆಳಗೆ ಇದ್ದೇನೆ. ಒಂದು ದಿನವೂ ಮೀನಿನ ವಾಸನೆ ಬರಲಿಲ್ಲವಲ್ಲ?"

ಭಟ್ಟರು ಬೆವರಿದರು. "ನಾವು ನೋಡುದು ಮಾತ್ರ, ತಿನ್ನುದಿಲ್ಲ" ಎಂದು ಹೇಗೋ ಹೇಳಿದರು. ವೈಶಾಲಿತಾಯಿ ಅವರನ್ನು ಬಾಂದ್ರಾ ಬರುವ ತನಕ ಮಾರ್ಕೆಟ್ಟಿನ ಪಾಪ್ಲೆಟ್ ಮೀನನ್ನು ನೋಡುವ ಹಾಗೆ ಕಣ್ಣಿನಿಂದ ಬಾಲದವರೆಗೆ ನೋಡುತ್ತಲೇ ಇದ್ದರು.

ಕಾರ್ಟರ್ ರೋಡಿನ ಬದಿಯಲ್ಲಿ ನೀರು ಇಳಿದು ಕರಿ ಬಂಡೆಗಳು ಎದ್ದಿದ್ದವು. ನಡುನಡುವೆ ಪರಾತದಷ್ಟು, ಬಾನಿಯಷ್ಟು ದೊಡ್ಡ ನೀರಿನ ಗುಂಡಿಗಳು. ಹತ್ತು ಹನ್ನೆರಡು ವಿದ್ಯಾರ್ಥಿಗಳು ಆ ಗುಂಡಿಗಳ ಸುತ್ತ ಬಗ್ಗಿ ನಿಂತಿದ್ದರು. ಸ್ನೇಹಲ್ ಮೇಡಂ ಭಟ್ಟರಿಗೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು. ಹಿಂದಿಯಲ್ಲಿ, ಪಾಠ ಒಪ್ಪಿಸುವ ಹುಡುಗಿಯಷ್ಟು ವಿನಯದಿಂದ ವಿವರಿಸಿದರು: ಇಲ್ಲಿ ಮುಖ್ಯವಾಗಿ ಎರಡು ಕುಲದವು. ಬೆನ್ನ ಮೇಲೆ ಎರಡು ರೆಕ್ಕೆ ಇದ್ದು, ಹೊಟ್ಟೆಯ ಕೆಳಗಿನ ಬಟ್ಟಲಿನಿಂದ ಕಲ್ಲಿಗೆ ಅಂಟಿಕೊಳ್ಳುವುದು ಗೋಬಿ. ಬೆನ್ನುದ್ದಕ್ಕೂ ಒಂದೇ ರೆಕ್ಕೆ ಇದ್ದು, ಕಣ್ಣಿನ ಮೇಲೆ ಹುಬ್ಬಿನ ಹಾಗೆ ಕುಚ್ಚು ಇರುವುದು ಬ್ಲೆನ್ನಿ. "ಆದರೆ ಮೊದಲು ಕಾಣಬೇಕಲ್ಲ ಸರ್! ಎರಡೂ ಕಲ್ಲಿನ ಬಣ್ಣವೇ. ನಾವು ಒಂದು ಗಂಟೆ ಹುಡುಕಿದರೆ ಒಂದು ಸಿಕ್ಕರೆ ಸಿಕ್ಕಿತು. ನಿಮ್ಮ ಊರಲ್ಲಿ ಹೇಗೆ ಹುಡುಕುತ್ತಿದ್ದಿರಿ?"

ಹನ್ನೆರಡು ತಲೆಗಳೂ ಭಟ್ಟರ ಕಡೆ ತಿರುಗಿದವು. ಹದಿಮೂರನೆಯದು ವೈಶಾಲಿತಾಯಿಯದು.

"ಮೊದ್ಲು... ಜಾಗ ನೋಡ್ಬೇಕು" ಎಂದು ಭಟ್ಟರು ಗಂಭೀರವಾಗಿ ಹೇಳಿ, ಒಂದು ದೊಡ್ಡ ಬಂಡೆಯ ಮರೆಗೆ ನಡೆದರು. ಅಲ್ಲಿ ಬಗ್ಗಿ ಕೂತು ದೂಜನಿಗೆ ಮತ್ತೆ ಫೋನು ಒತ್ತಿದರು. ರಿಂಗಾಯಿತು. ದೂಜ ಎತ್ತಿದ. ಭಟ್ಟರು "ದೂಜ" ಅಂದರು. ಅಷ್ಟರಲ್ಲಿ ಪಾಚಿಯ ಮೇಲಿದ್ದ ಅವರ ಎಡಗಾಲು ಒಂದು ಕಡೆ, ಬಲಗಾಲು ಒಂದು ಕಡೆ ಹೋಗಿ, ಭಟ್ಟರು ದೋಸೆ ಮಗುಚಿದ ಹಾಗೆ ಗುಂಡಿಗೆ ಮಗುಚಿಕೊಂಡರು. ಎದ್ದಾಗ ಸೊಂಟದವರೆಗೆ ಒದ್ದೆ. ಫೋನು ನೀರಿನ ತಳದಲ್ಲಿ ಒಂದು ಸಲ ಹೊಳೆದು ಕಣ್ಣು ಮುಚ್ಚಿತು.

"ಪಪ್ಪಾ!" ಎಂದು ಶ್ರೇಯಾ ಓಡಿಬಂದಳು.

"ಎಂತ ಇಲ್ಲ, ಎಂತ ಇಲ್ಲ. ನೀರಿನ ಹದ ನೋಡಿದ್ದು" ಅಂದರು ಭಟ್ಟರು. ಒಬ್ಬ ವಿದ್ಯಾರ್ಥಿ ಅದನ್ನೂ ಬರೆದುಕೊಂಡ.

ಈಗ ದೂಜನೂ ಇಲ್ಲ, ದೇವರೂ ಇಲ್ಲ. ಮಂಡಿ ನೋಯುತ್ತಿತ್ತು, ಪಂಚೆ ಕಾಲಿಗೆ ಅಂಟಿತ್ತು, ಓಡಿಹೋಗಲು ಜಾಗವಿರಲಿಲ್ಲ. ಭಟ್ಟರು ಒಂದು ಗುಂಡಿಯ ಪಕ್ಕದ ಬಂಡೆಯ ಮೇಲೆ, ಬೇರೆ ಏನೂ ತೋಚದೆ, ಗಲ್ಲಾದ ಮೇಲೆ ಕೂರುವ ಹಾಗೇ ಕೂತುಬಿಟ್ಟರು. ಬೆನ್ನು ನೇರ, ಕೈ ಮಡಿಲಲ್ಲಿ, ಕಣ್ಣು ಅರ್ಧ ಮುಚ್ಚಿ. ಆಗಲಿ, ಒಂದು ಗಳಿಗೆ ಕಳೆಯಲಿ, ಆಮೇಲೆ ತಪ್ಪೊಪ್ಪಿಕೊಂಡರಾಯಿತು ಎಂದುಕೊಂಡರು.

ಗಲ್ಲಾದವನು ಗಿರಾಕಿಯನ್ನು ನೆಟ್ಟ ನೋಟದಿಂದ ನೋಡುವುದಿಲ್ಲ, ನೋಡಿದರೆ ಅವನು ಮುಖ ತಿರುಗಿಸುತ್ತಾನೆ. ಇಡೀ ಹಾಲನ್ನು ಒಟ್ಟಿಗೆ, ಯಾರನ್ನೂ ನೋಡದವನ ಹಾಗೆ ನೋಡಬೇಕು. ಆಗ ಯಾವ ಟೇಬಲಿನಲ್ಲಿ ಏನು ಬದಲಾಯಿತು ಅನ್ನುವುದು ತಾನೇ ಕಣ್ಣಿಗೆ ಬೀಳುತ್ತದೆ. ಮೂವತ್ತು ವರ್ಷ ಭಟ್ಟರು ಮಾಡಿದ್ದು ಇದೇ ಕೆಲಸ. ಗುಂಡಿಯ ಮುಂದೆಯೂ ಅವರ ಕಣ್ಣು ಅಭ್ಯಾಸಬಲದಿಂದ ಹಾಗೇ ನೋಡತೊಡಗಿತು. ವಿದ್ಯಾರ್ಥಿಗಳ ನೆರಳು ನೀರಿನ ಮೇಲೆ ಬಿದ್ದಿದ್ದಾಗ ಏನೂ ಇರಲಿಲ್ಲ. ಐದು ನಿಮಿಷ ಕಳೆಯಿತು. ಗುಂಡಿಯ ಮೂಲೆಯಲ್ಲಿ ಮೊದಲು ಮೂರು ಹರಳಿದ್ದವು, ಈಗ ನಾಲ್ಕು. ನಾಲ್ಕನೆಯ ಹರಳು ಉಸಿರಾಡುತ್ತಿತ್ತು.

"ಅಕೋ!" ಅಂದರು ಭಟ್ಟರು, ತಮಗೇ ನಂಬಿಕೆಯಾಗದೆ. "ಮೂಲೆಯಲ್ಲಿ. ಬಂದು ಕೂತವ ಏಳುವುದೇ ಇಲ್ಲ."

ಸ್ನೇಹಲ್ ಮೇಡಂ ಉಸಿರು ಬಿಗಿಹಿಡಿದು ಬಗ್ಗಿದರು. "ಎರಡು ರೆಕ್ಕೆ... ಗೋಬಿ! ಸರ್, ಗೋಬಿ! ಇದಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ?"

ಒಂದು ಚಹಾ ತೆಗೆದುಕೊಂಡು ಎರಡು ಗಂಟೆ ಮೂಲೆ ಬಿಡದ ಗಿರಾಕಿಗೆ ಹೋಟೆಲಿನವರು ಒಳಗೊಳಗೇ ಒಂದು ಹೆಸರು ಇಟ್ಟಿದ್ದರು. ಧೈರ್ಯವಾಗಿ ಹೇಳಬೇಕೆಂಬ ಗುರುಮಂತ್ರ ನೆನಪಾಗಿ ಭಟ್ಟರು ಅದನ್ನೇ ಹೇಳಿದರು. "ಜಿಗುಟ."

"ಜಿಗುಟ" ಎಂದು ಮೇಡಂ ಭಕ್ತಿಯಿಂದ ಬರೆದುಕೊಂಡರು.

ಮುಂದಿನ ಗುಂಡಿಯಲ್ಲಿ ಕಲ್ಲಿನ ತೂತಿನಿಂದ ಹುಬ್ಬಿನ ಕುಚ್ಚಿದ್ದ ಮುಖವೊಂದು ಹೊರಗೆ ಬಂದು, ಒಳಗೆ ಹೋಗಿ, ಮತ್ತೆ ಬಂತು. ಖಾಲಿ ಟೇಬಲ್ ಉಂಟೋ ಎಂದು ಬಾಗಿಲಲ್ಲಿ ಇಣುಕಿ, ಮಾಣಿ ಕಣ್ಣಿಗೆ ಬಿದ್ದೊಡನೆ ಜಾಗ ಖಾಲಿ ಮಾಡುವವರನ್ನು ಭಟ್ಟರು ದಿನಾ ನೋಡುತ್ತಿದ್ದರು. "ಇಣ್ಕ" ಅಂದರು. ಮೇಡಂ, "ಬ್ಲೆನ್ನಿ!" ಎಂದು ಚೀರಿದರು. ಅರ್ಧ ಗಂಟೆಯಲ್ಲಿ ಐದು ಜಿಗುಟ, ಮೂರು ಇಣ್ಕ, ಪಾಚಿಯ ಮೇಲೆ ಸರಿದಾಡುತ್ತಿದ್ದ ಇನ್ನೆಂಥದೋ ಒಂದಕ್ಕೆ ಸರ್ಕ ಎಂದು ಹೆಸರಾಯಿತು. ಭಟ್ಟರಿಗೆ ನಿಜಕ್ಕೂ ಹುರುಪು ಬಂದಿತ್ತು. ಬೆರಳುದ್ದದ ಈ ಪ್ರಾಣಿಗಳು ಯಾರ ಕಣ್ಣಿಗೂ ಬೀಳದೆ ತಮ್ಮ ಪಾಡಿಗೆ ತಾವು ಬದುಕುವುದು ಅವರಿಗೆ ಬಹಳ ಇಷ್ಟವಾಯಿತು.

ವೈಶಾಲಿತಾಯಿಗೆ ಒಂದೂ ಕಾಣಲಿಲ್ಲ. ಐಸಿನ ಮೇಲೆ ಮಲಗಿಸಿ, ಕಿವಿರು ಎತ್ತಿ ತೋರಿಸಿದರೆ ಮಾತ್ರ ಮೀನು ಅನ್ನಿಸಿಕೊಳ್ಳುವುದು ಎಂಬುದು ಅವರ ಸಿದ್ಧಾಂತ. ಕೊನೆಗೆ ಅವರು ಸೋಲೊಪ್ಪಿ, "ಮಾನಲಾ ಶೆಟ್ಟಿಜಿ, ನೀವು ಅಸಲಿ" ಎಂದು ತಮ್ಮ ಡಬ್ಬಿಯ ಶಿರಾದಲ್ಲಿ ಅರ್ಧ ಭಟ್ಟರಿಗೇ ಕೊಟ್ಟರು.

ಹೊರಡುವಾಗ ಸ್ನೇಹಲ್ ಮೇಡಂ ಎಲ್ಲರ ಎದುರು ಘೋಷಿಸಿದರು. "ಶುಕ್ರವಾರ ನಾವು ಆರು ಜನ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸಿನಲ್ಲಿ ಮಲ್ಪೆಗೆ ಹೋಗುತ್ತಿದ್ದೇವೆ. ಸರ್ ನಮ್ಮ ಜೊತೆ ಬರಬೇಕು. ಅಲ್ಲಿನ ಮೀನುಗಾರರ ಬಳಿ ಕೂತು ಈ ಹೆಸರುಗಳನ್ನೆಲ್ಲ ಪಕ್ಕಾ ಮಾಡಿಕೊಳ್ಳೋಣ."

ಭಟ್ಟರ ಬಾಯಲ್ಲಿದ್ದ ಶಿರಾ ಅಲ್ಲೇ ನಿಂತಿತು.

ವೈಶಾಲಿತಾಯಿ ಬೊರಿವಲಿಯ ಗಾಡಿ ಹಿಡಿದರು. ಅಪ್ಪ ಮಗಳು ಬಾಂದ್ರಾ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಉಳಿದರು. ಶ್ರೇಯಾ ಅಪ್ಪನ ಒದ್ದೆ ತೋಳು ಹಿಡಿದುಕೊಂಡು ಮುರುಕು ಕನ್ನಡದಲ್ಲಿ ಮಾತಾಡಿಯೇ ಮಾತಾಡಿದಳು. ಇಷ್ಟು ಕನ್ನಡ ಅವಳೊಳಗೆ ಎಲ್ಲಿ ಅಡಗಿ ಕೂತಿತ್ತೋ ಎಂದು ಭಟ್ಟರಿಗೆ ಕಣ್ಣು ತುಂಬಿ ಬಂತು. ಇಂಥ ಮಗಳಿಗೆ ಇನ್ನು ಸುಳ್ಳು ಹೇಳಲಾರೆ ಅನ್ನಿಸಿತು.

"ಶ್ರೇಯಾ, ಒಂದು ಮಾತು. ಆ ಕತೆಯ ಹುಡುಗ ನಾನಲ್ಲ ಮಗಾ. ಅದು ನಮ್ಮ ದೂಜ. ನನಗೆ ಮಲ್ಪೆಯೂ ಗೊತ್ತಿಲ್ಲ, ಮೀನೂ ಗೊತ್ತಿಲ್ಲ. ನೀನು ಊಟ ಮಾಡ್ಲಿ ಅಂತ ಹೇಳಿದ್ದು."

ಶ್ರೇಯಾ ತೋಳು ಬಿಟ್ಟಳು. ಎರಡು ಲೋಕಲ್ ಬಂದು ಹೋದವು. ಆಮೇಲೆ ಅವಳು ಕಣ್ಣೊರೆಸಿಕೊಂಡು, "ಹದಿನಾರು ವರ್ಷ, ಪಪ್ಪಾ!" ಅಂದಳು. ಮತ್ತೆ ಚೀಲ ಹೆಗಲಿಗೆ ಹಾಕಿಕೊಂಡು, "ಚಲೋ, ಠೀಕ್ ಹೈ. ಅಸಲಿ ಹುಡುಗ ದೂಜ ಅಂಕಲ್ ಅಲ್ವಾ? ಹಾಗಾದ್ರೆ ಮಲ್ಪೆಗೆ ಅವ್ರು ಬರ್ಲಿ. ಈಗ್ಲೇ ಹೋಗಿ ಕೇಳೋಣ" ಎಂದು ಎದ್ದಳು. ಕ್ಷಮಿಸಿದಳೋ ಇಲ್ಲವೋ ತಿಳಿಯಲಿಲ್ಲ, ಆದರೆ ಭಟ್ಟರಿಗೆ ಹೆಗಲಿನಿಂದ ಅಕ್ಕಿಮೂಟೆ ಇಳಿಸಿದಷ್ಟು ಹಗುರವಾಯಿತು.

ಭಾನುವಾರದ ಫೋರ್ಟ್ ಖಾಲಿ ಹೊಡೆಯುತ್ತಿತ್ತು. ಹೋಟೆಲಿನ ಶಟರ್ ಅರ್ಧ ತೆರೆದು ದೂಜ ಒಳಗೆ ತನ್ನ ಪಾಲಿನ ದೋಸೆ ಹುಯ್ದುಕೊಳ್ಳುತ್ತಿದ್ದ. ಶ್ರೇಯಾ ಕೈಕಾಲು ತೊಳೆಯಲು ಹಿಂದೆ ಹೋದಳು. ಭಟ್ಟರು ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿ, "ಶುಕ್ರವಾರ ನೀನು ಹೊರಡು ಮಾರಾಯ, ನಾನು ಪಾರಾದೆ" ಅಂದರು.

ದೂಜನ ಕೈಯಲ್ಲಿದ್ದ ಸಟ್ಟುಗ ಹಾಗೇ ನಿಂತಿತು. ದೋಸೆ ಕರಟತೊಡಗಿತು.

"ಭಟ್ರೇ," ಅಂದ ಅವನು, ದನಿ ತಗ್ಗಿಸಿ. "ನಾನು ಮಲ್ಪೆಯವ ಅಲ್ಲ."

"ಎಂತ?"

"ಬಜಗೋಳಿ. ಕಾರ್ಕಳದಿಂದ ಆಚೆ, ಗುಡ್ಡದ ಬುಡ. ಹನ್ನೆರಡು ವರ್ಷಕ್ಕೆ ಇಲ್ಲಿ ಬಂದಾಗ ಬಜಗೋಳಿ ಅಂದ್ರೆ ಯಾರಿಗೂ ಗೊತ್ತಾಗ್ಲಿಲ್ಲ. ಮಲ್ಪೆ ಅಂದೆ. ಕಡಲು ನಾನು ಮೊದ್ಲು ನೋಡಿದ್ದೇ ಇಲ್ಲಿ, ಚರ್ಚ್‌ಗೇಟಿನ ಆಚೆ ಬದಿಯಲ್ಲಿ."

"ಮತ್ತೆ ಆ ಬಂಡೆ, ಆ ಮೀನು?"

"ಅದು ನಿಮ್ಗಿಂತ ಮೊದ್ಲು ಗಲ್ಲಾದಲ್ಲಿ ಕೂರ್ತಿದ್ದ ಆಚಾರ್ರು ಹೇಳ್ತಿದ್ದದ್ದು. ರಾತ್ರಿ ನನಗೆ ಊರು ನೆನಪಾಗಿ ಅಳು ಬಂದಾಗ ಹೇಳ್ತಿದ್ರು, ಪಾಪ."

"ಆಚಾರ್ರು ಕೊಪ್ಪದವರಲ್ವಾ ಮಾರಾಯ! ಘಟ್ಟದ ಮೇಲೆ!"

"ಹೌದು. ಮೀನು ಮುಟ್ಟದವರು." ದೂಜ ಕರಟಿದ ದೋಸೆಯನ್ನು ಸುಮ್ಮನೆ ಕೆರೆದ. "ಊರಲ್ಲಿ ನನ್ನ ಮೊಮ್ಮಗಳು ದಿನಾ ಫೋನಿನಲ್ಲಿ ಅದೇ ಕತೆ ಕೇಳಿ ಮಲಗುದು. ಮಲ್ಪೆಗೆ ಹೋಗಿ ಗುಟ್ಟು ರಟ್ಟಾಗಿ ಅಜ್ಜ ಸುಳ್ಳ ಅಂತ ಆದ್ರೆ ಅವ್ಳು ಇನ್ನು ನನ್ನ ಹತ್ರ ಮಾತಾಡ್ತಾಳಾ? ನೀವೇ ಹೇಳಿ ಭಟ್ರೇ, ನೀವೂ ಮಗಳಿದ್ದವ್ರು."

ಭಟ್ಟರು ಆ ಅರವತ್ತೆರಡರ ಮುಖವನ್ನು ನೋಡಿದರು. ಹನ್ನೆರಡು ವರ್ಷದ ಹುಡುಗನೊಬ್ಬ ಅದರೊಳಗೆ, ಅಳು ನುಂಗಿಕೊಂಡು, ಹೇಗೋ ಕಾಣಿಸದ ಹಾಗೆ ಕೂತಿದ್ದ. ಬೆಳಗ್ಗಿನಿಂದ ನೋಡಿ ನೋಡಿ ಹದಗೊಂಡಿದ್ದ ಅವರ ಕಣ್ಣಿಗೆ ಅವನು ಸ್ಪಷ್ಟವಾಗಿ ಕಂಡ. ಎದೆ ಕರಗಿತು. ಅಷ್ಟರಲ್ಲಿ ಶ್ರೇಯಾ ಕೈ ಒರೆಸಿಕೊಳ್ಳುತ್ತ ಬಂದು, "ದೂಜ ಅಂಕಲ್, ಮಲ್ಪೆಯ ಆ ಹುಡುಗ ನೀವೇ ಅಂತೆ! ಹೌದಾ?" ಅಂದಳು.

ದೂಜ ಭಟ್ಟರ ಕಡೆ ನೋಡಿದ.

"ಇಲ್ಲ ಮಗಾ," ಅಂದರು ಭಟ್ಟರು. ಬಾಯಿ ಅವರದೇ, ದನಿ ಎಲ್ಲಿಂದ ಬಂತೋ ಅವರಿಗೇ ತಿಳಿಯಲಿಲ್ಲ. "ನಾನು ಸುಮ್ನೆ ಹೇಳಿದ್ದು. ಪ್ರಯಾಣ ತಪ್ಪಿಸ್ಲಿಕ್ಕೆ. ಆ ಹುಡುಗ ನಾನೇ."

"ಮುಝೇ ಪತಾ ಥಾ! ನನ್ಗೆ ಗೊತ್ತೇ ಇತ್ತು!" ಶ್ರೇಯಾ ಕುಣಿದು ಬಂದು ಅಪ್ಪನ ಕೊರಳಿಗೆ ಜೋತುಬಿದ್ದಳು. "ಗೊತ್ತಿಲ್ದೇ ಯಾರಿಗಾದ್ರೂ ಅಷ್ಟು ಮೀನು ಕಾಣ್ತದಾ? ಪಪ್ಪಾ, ಶುಕ್ರವಾರ ನೀವು ನನ್ಗೆ ಆ ಬಂಡೆ ತೋರಿಸ್ಲೇಬೇಕು. ಈಗ್ಲೂ ಅಲ್ಲೇ ಉಂಟಾ?"

ಭಟ್ಟರು ಬಾಯಿ ತೆರೆದರು. ಸಮುದ್ರದಲ್ಲಿ ನೀರೇರಿ ಬಂಡೆಯೆಲ್ಲ ಮುಳುಗಿಹೋಗಿದೆ ಎಂದು ಹೇಳಿ ಬಚಾವಾಗುವ ಒಂದು ಉಪಾಯ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಉಪಕಾರದ ಭಾರಕ್ಕೆ ಕಣ್ಣಲ್ಲಿ ನೀರು ತುಂಬಿಕೊಂಡಿದ್ದ ದೂಜ ಸುಮ್ಮನಿರಲಿಲ್ಲ.

"ಉಂಟುಂಟು ಮಗಾ, ಎಲ್ಲಿಗೆ ಹೋಗ್ತದೆ?" ಅಂದ ಅವನು, ಬಹಳ ಧೈರ್ಯವಾಗಿ. "ಭಟ್ರ ಬಂಡೆ ಅಂತಲೇ ಅದಕ್ಕೆ ಹೆಸರು. ಮಲ್ಪೆಯಲ್ಲಿ ಇಳಿದು ಯಾರ ಹತ್ರ ಕೇಳಿದ್ರೂ ಕರ್ಕೊಂಡು ಹೋಗಿ ತೋರಿಸ್ತಾರೆ."

ಶ್ರೇಯಾ ಪುಸ್ತಕ ತೆಗೆದು, ಅದನ್ನು ಬರೆದುಕೊಂಡು, ಅಲ್ಲಿಂದಲೇ ಸ್ನೇಹಲ್ ಮೇಡಂಗೆ ಫೋನು ಹಚ್ಚಿದಳು.